ತೇಗದ ಪಟ್ಟಿ ಅಂಟಿಸಿ ಕಪಾಟಿನ ಬಾಗಿಲಿಗೆ ಪ್ಯಾನೆಲ್: ನನ್ನ ಅನುಭವ

ಬಾಗಿಲಿನ ಚೌಕಟ್ಟಿಗೆ 400 ಮಿ.ಮೀ. ಅಗಲದ ಪ್ಯಾನೆಲ್ ಬೇಕಿದ್ದರೆ 85 ಮಿ.ಮೀ.ನ ಐದು ಪಟ್ಟಿ ಅಂಟಿಸಿ, ಆಮೇಲೆ ಅಳತೆಗೆ ಕೊಯ್ಯುತ್ತೇನೆ. ದಪ್ಪ 22 ಇಟ್ಟುಕೊಂಡರೆ ತೋಪಡ (ಮರ ಹೆರೆದು ಮಟ್ಟ ಮಾಡುವ ಉಪಕರಣ) ಹೊಡೆದ ಮೇಲೆ 18 ಉಳಿಯುತ್ತದೆ. ಪಟ್ಟಿಗಳ ನಡುವೆ ರೀಪು ಕೊಟ್ಟು ಎರಡು ವಾರ ಒಳಗೇ ಪೇರಿಸಿಡುವುದು, ತೇವಾಂಶ ಶೇ. 12 ದಾಟಿದ್ದರೆ ಇನ್ನೂ ಕಾಯಬೇಕು.

ಮುಖ ಆರಿಸಿ, ಎಳೆ ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿ, ಐದರ ಮೇಲೂ ಹಾಯುವಂತೆ ದೊಡ್ಡ ತ್ರಿಕೋನ ಗೀಚುತ್ತೇನೆ. ಮುಂದೆ ಕ್ರಮ ತಪ್ಪುವುದಿಲ್ಲ.

ಜಾಯಿಂಟ್ ಗಟ್ಟಿಯಾಗುವುದು ತೋಪಡದಲ್ಲಿ, ಕ್ಲಾಂಪಿನಲ್ಲಿ ಅಲ್ಲ. ಅಕ್ಕಪಕ್ಕದ ಎರಡು ಪಟ್ಟಿಯನ್ನು ಪುಸ್ತಕ ಮುಚ್ಚಿದಂತೆ ಮಡಚಿ, ಎರಡರ ಅಂಚನ್ನೂ ಒಟ್ಟಿಗೇ ಹೊಡೆಯಿರಿ. ತೋಪಡ ತುಸು ವಾಲಿದ್ದರೂ ಒಂದರ ಓರೆ ಇನ್ನೊಂದರ ಓರೆಗೆ ಸರಿಹೋಗಿ ಪ್ಯಾನೆಲ್ ಚಪ್ಪಟೆಯಾಗಿ ಕೂರುತ್ತದೆ. ಒಂದರ ಮೇಲೊಂದು ನಿಲ್ಲಿಸಿ ಬೆಳಕಿಗೆ ಹಿಡಿದಾಗ ನಡುವೆ ಕಾಗದದಷ್ಟು ಸಂದು ಇರಲಿ, ತುದಿಗಳಲ್ಲಿ ಮಾತ್ರ ಬೇಡ. ತುದಿ ಬಿಟ್ಟಿದ್ದನ್ನು ಕ್ಲಾಂಪ್ ಬಿಗಿದು ಮುಚ್ಚಿದರೆ ಬೇಸಿಗೆಯಲ್ಲಿ ಅಲ್ಲಿಂದಲೇ ಬಿರುಕು ಶುರು.

ತೇಗದಲ್ಲಿ ಎಣ್ಣೆಯಂಶ ಇದೆ. ಅಂಚು ಹೊಡೆದ ದಿನವೇ, ಅಂಟಿಸುವ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಿ, ಆರಿದ ತಕ್ಷಣ ಎರಡೂ ಅಂಚಿಗೆ ತೆಳುವಾಗಿ ಫೆವಿಕಾಲ್ ಹಚ್ಚುತ್ತೇನೆ. ಸಿಂಕಿನ ಕೆಳಗಿನ ಬಾಗಿಲಾದರೆ ನೀರು ತಡೆಯುವ ಫೆವಿಕಾಲ್ ಮರೈನ್. ಸೆಕೆಗಾಲದಲ್ಲಿ ಐದು ನಿಮಿಷಕ್ಕೇ ಪೊರೆ ಕಟ್ಟುತ್ತದೆ, ಹಾಗಾಗಿ ಕ್ಲಾಂಪ್ ಮೊದಲೇ ಅಳತೆಗೆ ತೆರೆದಿಟ್ಟಿರಬೇಕು. 200–250 ಮಿ.ಮೀ.ಗೊಂದರಂತೆ, ಒಂದು ಕೆಳಗೆ ಒಂದು ಮೇಲೆ. ಎಲ್ಲ ಒಂದೇ ಕಡೆ ಹಾಕಿದರೆ ಹಲಗೆ ಬಾಗುತ್ತದೆ. ಕಬ್ಬಿಣ ಹಸಿ ಅಂಟಿಗೆ ತಗುಲಿದಲ್ಲಿ ಮರ ಕಪ್ಪಾಗುತ್ತದೆ, ನಡುವೆ ಪ್ಲಾಸ್ಟಿಕ್ ಹಾಳೆ ಇಡಿ. ಸಂದಿನುದ್ದಕ್ಕೂ ಸಣ್ಣ ಹನಿಗಳ ಸಾಲು ಹೊರಬಂದರೆ ಬಿಗಿ ಸಾಕು.

ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಎಳೆಯೊಳಗೆ ಇಳಿದು, ಪಾಲಿಶ್ ಹೊಡೆದಾಗ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು, ಮೆತ್ತಗಿರುವಾಗಲೇ ಉಳಿಯಿಂದ ಎಬ್ಬಿಸಿದರೆ ಎದ್ದು ಬರುತ್ತದೆ.

ಮಟ್ಟ ಮಾಡುವುದು ಮರುದಿನವೇ. ಅಂಟಿನ ನೀರು ಕುಡಿದು ಸಂದಿನ ಬಳಿ ಮರ ಉಬ್ಬಿರುತ್ತದೆ. ಅವಸರಕ್ಕೆ ತೋಪಡ ಹೊಡೆದರೆ ಒಣಗಿದ ಮೇಲೆ ಅಲ್ಲೇ ತಗ್ಗಿನ ಗೆರೆ ಬೀಳುತ್ತದೆ.

ಮಳೆಗಾಲ, ಬೇಸಿಗೆಗಳ ನಡುವೆ ಇಷ್ಟು ಅಗಲದ ಪ್ಯಾನೆಲ್ 3 ಮಿ.ಮೀ.ವರೆಗೂ ಹಿಗ್ಗಿ ಕುಗ್ಗಬಹುದು. ಚೌಕಟ್ಟಿನ ಗಾಡಿಯಲ್ಲಿ (ಪ್ಯಾನೆಲ್ ಅಂಚು ಕೂರುವ ಸೀಳುಗಾಲುವೆ) ಎರಡೂ ಬದಿ 2–3 ಮಿ.ಮೀ. ಜಾಗ ಬಿಟ್ಟು, ಅಂಟು ಹಾಕದೆ ಕೂರಿಸಿ. ಪಾಲಿಶ್ ಅದಕ್ಕೂ ಮೊದಲೇ ಆಗಿರಲಿ, ಇಲ್ಲದಿದ್ದರೆ ಕುಗ್ಗಿದಾಗ ಬಣ್ಣವಿಲ್ಲದ ಪಟ್ಟೆ ಇಣುಕುತ್ತದೆ. ಮೇಲೆ, ಕೆಳಗೆ ಅಗಲದ ಸರಿಮಧ್ಯಕ್ಕೆ ಹಿಂಬದಿಯಿಂದ ಒಂದೊಂದು ಸಣ್ಣ ಮೊಳೆ ಸಾಕು. ಪ್ಯಾನೆಲ್ ಎರಡೂ ಕಡೆಗೆ ಸಮನಾಗಿ ಸರಿಯುತ್ತದೆ.