ಎದೆ ಬೆಳೆಯಬೇಕಾ? ಬೆಂಚ್ ಮೇಲೆ ಮೊದಲು ಸರಿಯಾಗಿ ಮಲಗಿ

ಕಲಬುರಗಿಯ ಜಿಮ್‌ಗಳಲ್ಲಿ ಸೋಮವಾರ ಸಂಜೆ ಬೆಂಚ್ ಖಾಲಿ ಸಿಗುವುದು ಕಷ್ಟ. ಹುಡುಗರು ರಾಡಿಗೆ ಪ್ಲೇಟ್ ಮೇಲೆ ಪ್ಲೇಟ್ ಏರಿಸುತ್ತಾರೆ, ಅರ್ಧಕ್ಕೇ ಇಳಿಸಿ ತಳ್ಳುತ್ತಾರೆ, ಹಿಂದೆ ನಿಂತ ಗೆಳೆಯ ಅರ್ಧ ಭಾರ ತಾನೇ ಎತ್ತಿ 'ನೀನೇ ಎತ್ಲಕತ್ತಿದಿ' ಅಂತ ಕೂಗುತ್ತಾನೆ. ಕೊನೆಗೆ ಉಳಿಯುವುದು ಭುಜದ ನೋವು.

ಮೊದಲು ಪುಷ್‌ಅಪ್. ಸೊಂಟ ಜೋಲದೆ ಹದಿನೈದು ಬರುವವರೆಗೆ ಬೆಂಚ್ ಕಡೆ ಹೋಗಬೇಡಿ.

ಆಮೇಲೆ ಬೆಂಚ್ ಪ್ರೆಸ್. ಎಲ್ಲರೂ ಕೆಡಿಸುವುದು ಇಲ್ಲೇ. ಮಲಗಿದ ಕೂಡಲೇ ರಾಡ್ ಎತ್ತಬೇಡಿ. ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಎಳೆದು, ಸ್ವಲ್ಪ ಕೆಳಗೆ ಒತ್ತಿ ಬೆಂಚಿಗೆ ಕಚ್ಚಿಸಿ. ಎದೆ ತಾನಾಗೇ ಮೇಲೆ ಬರುತ್ತದೆ, ಸೆಟ್ (ಬಿಡುವಿಲ್ಲದೆ ಮಾಡುವ ಒಂದು ಸುತ್ತು) ಮುಗಿಯುವವರೆಗೂ ಅದು ಹಾಗೇ ಇರಬೇಕು. ಪಾದ ಪೂರ್ತಿ ನೆಲದ ಮೇಲೆ, ಕುಂಡಿ ಬೆಂಚ್ ಬಿಟ್ಟು ಏಳಬಾರದು. ಹೆಬ್ಬೆರಳು ರಾಡಿನ ಸುತ್ತ ಬರಲೇಬೇಕು, ಇಲ್ಲದಿದ್ದರೆ ರಾಡ್ ಜಾರಿ ಎದೆ ಮೇಲೋ ಕತ್ತಿನ ಮೇಲೋ ಬೀಳಬಹುದು. ಈಗ ನಿಧಾನಕ್ಕೆ ಇಳಿಸಿ, ಎರಡು ಮೂರು ಸೆಕೆಂಡ್ ಹಿಡಿಯಲಿ. ರಾಡ್ ತಾಗಬೇಕಾದದ್ದು ಎದೆಯ ಕೆಳಭಾಗಕ್ಕೆ, ಕತ್ತಿನ ಹತ್ತಿರ ಅಲ್ಲ. ಮೊಣಕೈಯನ್ನು ಪೂರ್ತಿ ಅಗಲಿಸಿದರೆ ಭಾರವೆಲ್ಲ ಭುಜದ ಕೀಲಿಗೆ ಹೋಗುತ್ತದೆ, ಹಾಗಾಗಿ ಪಕ್ಕೆಯಿಂದ 45ರಿಂದ 60 ಡಿಗ್ರಿಯಷ್ಟೇ ದೂರ ಇರಲಿ. ತಾಗಿಸಿ ಚಿಮ್ಮಿಸುವ ಆಟ ಬೇಡ. ತಾಗಿಸಿ, ಒಂದು ಕ್ಷಣ ನಿಲ್ಲಿಸಿ, ಉಸಿರು ಬಿಡುತ್ತಾ ತಳ್ಳಿ. ಇಷ್ಟು ಮಾಡಲಾಗದಿದ್ದರೆ ಪ್ಲೇಟ್ ಜಾಸ್ತಿಯಾಗಿದೆ, ಇಳಿಸಿ.

ಎದೆಯ ಮೇಲ್ಭಾಗಕ್ಕೆ ಬೆಂಚಿನ ತಲೆಭಾಗ ಏರಿಸಿ ಇನ್‌ಕ್ಲೈನ್ ಡಂಬೆಲ್ ಪ್ರೆಸ್, ಸುಮಾರು 30 ಡಿಗ್ರಿ ಸಾಕು. ಬೆಂಚ್ ಇನ್ನೂ ನೆಟ್ಟಗಾದಷ್ಟೂ ಕೆಲಸ ಭುಜಕ್ಕೇ ಹೋಗುತ್ತದೆ. ಕೊನೆಗೆ ಹಗುರ ಡಂಬೆಲ್ ಹಿಡಿದು ಫ್ಲೈ, ಅಂದರೆ ಮಲಗಿ ಕೈ ಅಗಲಿಸಿ ಮತ್ತೆ ಎದೆ ಮೇಲೆ ಕೂಡಿಸುವುದು.

ಎದೆಗೆ ಎಷ್ಟು ಸೆಟ್ಟೋ ಬೆನ್ನಿಗೂ ಅಷ್ಟೇ ರೋಯಿಂಗ್ (ಭಾರವನ್ನು ಮೈ ಕಡೆ ಎಳೆಯುವುದು) ಮಾಡಿ. ಬೆನ್ನು ಬಿಟ್ಟವರ ಭುಜ ಮುಂದಕ್ಕೆ ಬಾಗಿ, ಇದ್ದ ಎದೆಯೂ ಒಳಗೆ ಹೋದಂತೆ ಕಾಣುತ್ತದೆ. ವಾರಕ್ಕೆ ಎರಡು ದಿನ, ಪ್ರತಿ ವ್ಯಾಯಾಮಕ್ಕೆ ಮೂರು ಸೆಟ್, ಪ್ರತಿ ಸೆಟ್‌ಗೆ 8ರಿಂದ 12 ರೆಪ್, ಅಂದರೆ ಅಷ್ಟು ಸಲ. ಎಲ್ಲ ಸೆಟ್‌ನಲ್ಲೂ 12 ಬಂದ ಮೇಲಷ್ಟೇ ಎರಡೂವರೆ ಕೆಜಿ ಸೇರಿಸಿ.

ಊಟ? 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಪಡೆದ ತೊಗರಿ ಬೇಳೆ ನಮ್ಮದೇ ಅಲ್ವಾ, ನೂರು ಗ್ರಾಂ ಹಸಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ತೆಳ್ಳನೆ ಸಾರು ಲೆಕ್ಕಕ್ಕಿಲ್ಲ, ಗಟ್ಟಿ ಬೇಳೆಯನ್ನೇ ರೊಟ್ಟಿ ಜೊತೆ ತಿನ್ನಿ. ಶೇಂಗಾ, ಮೊಟ್ಟೆ, ಮೊಸರೂ ಇರಲಿ. ದೇಹ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.6 ಗ್ರಾಂನಷ್ಟು ಪ್ರೋಟೀನ್ ಸಾಕು. ಲೇಬಲ್ಲೇ ಇಲ್ಲದೆ ಸಡಿಲವಾಗಿ ತೂಗಿ ಕೊಡುವ ಪೌಡರ್ ಮುಟ್ಟಬೇಡಿ, 'ಒಂದು ತಿಂಗಳಲ್ಲಿ ಎದೆ' ಅನ್ನುವ ಇಂಜೆಕ್ಷನ್ ಅಂತೂ ಬೇಡವೇ ಬೇಡ.

ಎದೆ ಮೇಲಿನ ಕೊಬ್ಬು ಬೆಂಚ್ ಪ್ರೆಸ್‌ನಿಂದ ಕರಗುವುದಿಲ್ಲ, ಒಟ್ಟು ಮೈ ಕೊಬ್ಬು ಇಳಿದಾಗ ಅದೂ ಇಳಿಯುತ್ತದೆ. ತೊಟ್ಟಿನ ಹಿಂದೆ ಗಟ್ಟಿ ಗಂಟು ಕೈಗೆ ಸಿಕ್ಕರೆ ಮಾತ್ರ ಟ್ರೈನರ್ ಮಾತು ಕೇಳುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.