ರಮ್ಯ ಕಾವ್ಯವನ್ನು ಮೊದಲ ಸಲ ಓದುವವರಿಗೆ

ವಿಜಯಪುರ ಜಿಲ್ಲೆಯ ಹಳ್ಳಿಗಳಿಂದ ಬಂದು ಬಿ.ಎ. ಸೇರಿ ಸಾಹಿತ್ಯವನ್ನು ಆಯ್ದುಕೊಂಡವರಲ್ಲಿ ಅನೇಕರು ‘ರೊಮ್ಯಾಂಟಿಕ್’, ಅಂದರೆ ರಮ್ಯ, ಎಂದರೆ ಪ್ರೇಮಕಥೆಯೆಂದೇ ತಿಳಿದಿರುತ್ತಾರೆ. ಆ ತಿಳಿವಳಿಕೆಯನ್ನು ಬದಿಗಿಡಿ; ಗೈಡುಗಳಲ್ಲಿರುವ ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದನ್ನೂ ಸದ್ಯಕ್ಕೆ ಮುಂದೂಡಿ.

ಆರಂಭಕ್ಕೆ ಇಂಗ್ಲಿಷಿನ ರಮ್ಯ ಕವಿ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಹೂಗಳ ಕವಿತೆಯೊಂದೇ ಸಾಕು. ಇರುವುದು 24 ಸಾಲು. ನಿಘಂಟನ್ನು ಮುಟ್ಟದೆ ಎರಡು ಸಲ ಗಟ್ಟಿಯಾಗಿ ಓದಿ. ಆ ಹೂವನ್ನು ನೀವು ಕಂಡಿರಲಿಕ್ಕಿಲ್ಲ, ಆದರೆ ಎರೆ ಹೊಲದಲ್ಲಿ ಕುಸುಬಿ ಹಳದಿಯಾಗಿ ಅರಳಿ ನಿಂತದ್ದನ್ನು ಕಂಡವರಿಗೆ ಕವಿಯ ಬೆರಗು ಪರಕೀಯವೆನಿಸದು. ಮೂರನೆಯ ಓದಿನಲ್ಲಿ ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ: ಭೂತಕಾಲದಲ್ಲಿ ಸಾಗಿದ ಕವಿತೆ ಕೊನೆಯ ಪದ್ಯದಲ್ಲಿ ವರ್ತಮಾನಕ್ಕೆ ಹೊರಳುತ್ತದೆ, ಹೊರಗಿದ್ದ ಹೂಗಳು ಮಂಚದ ಮೇಲೆ ಒರಗಿದವನ ಮನಸ್ಸಿನೊಳಗೆ ಕುಣಿಯತೊಡಗುತ್ತವೆ. ನನ್ನ ದೃಷ್ಟಿಯಲ್ಲಿ ಕವಿತೆಯ ಜೀವಾಳ ಆ ಹೊರಳುವಿಕೆಯಲ್ಲಿದೆ.

ಇಷ್ಟಾದ ಮೇಲೆ ಒಂದು ಸಂಗತಿಯನ್ನು ಗಮನಿಸಿ. ಕವಿ 1802ರ ಏಪ್ರಿಲ್ 15ರಂದು ಆ ಹೂಗಳನ್ನು ಕಂಡಾಗ ತಂಗಿ ಡೊರೊಥಿ ಜೊತೆಗಿದ್ದಳು. ಆಕೆಯ ದಿನಚರಿಯಲ್ಲಿ ಆ ನೋಟದ ವರ್ಣನೆಯಿದೆ. 1807ರಲ್ಲಿ ಪ್ರಕಟವಾದ ಕವಿತೆಯಲ್ಲಾದರೋ ಅವನು ಒಂಟಿ. ಇದನ್ನು ಸುಳ್ಳೆಂದು ಭಾವಿಸಬೇಡಿ: ಕಂಡದ್ದಕ್ಕಿಂತ, ಕಂಡದ್ದು ಒಬ್ಬನ ನೆನಪಿನಲ್ಲಿ ಹೇಗೆ ಪಾಕಗೊಂಡಿತೆಂಬುದು ಇಲ್ಲಿ ಮುಖ್ಯ.

ಈ ಕವಿಯೇ ‘ಲಿರಿಕಲ್ ಬ್ಯಾಲಡ್ಸ್’ ಕವನ ಸಂಕಲನದ 1800ರ ಮುನ್ನುಡಿಯಲ್ಲಿ ಜನರು ನಿಜವಾಗಿ ಆಡುವ ಮಾತೇ ಕಾವ್ಯಕ್ಕೆ ಸಲ್ಲಬೇಕೆಂದು ವಾದಿಸಿದ್ದನು. ಆ ವಾದವನ್ನು ಪರೀಕ್ಷಿಸಲು ನಮ್ಮಲ್ಲೇ ಒರೆಗಲ್ಲಿದೆ. ಇಂಡಿ ಭಾಗದ ಹಲಸಂಗಿಯ ಗೆಳೆಯರೆಂಬ ಸಾಹಿತಿಗಳ ಬಳಗ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದ ಕೆಲವು ತ್ರಿಪದಿಗಳನ್ನು, ಸಾಧ್ಯವಾದರೆ ಬೀಸುವ ಹಾಡು ಬಲ್ಲ ಅಜ್ಜಿಯೊಬ್ಬರಿಂದ ಹಾಡಿಸಿಕೊಂಡು, ಆ ಕವಿತೆಯ ಪಕ್ಕದಲ್ಲಿಟ್ಟು ಓದಿ. ಎರಡರಲ್ಲೂ ನುಡಿ ಸರಳ. ಆದರೆ ತವರನ್ನು ನೆನೆಯುವ ಹಾಡಿನ ‘ನಾನು’ ಬೀಸುವ ಕಲ್ಲಿನ ಮುಂದೆ ಕುಳಿತ ಯಾವ ಮಗಳೂ ಆಗಬಹುದು. ರಮ್ಯ ಕವಿಯ ‘ನಾನು’ ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳುವ ಒಬ್ಬನೇ ವ್ಯಕ್ತಿ.

ಈ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಅರ್ಧ ಪುಟ ಬರೆದ ನಂತರ ಅದೇ ಹಲಸಂಗಿಯ ಕವಿ ಮಧುರಚೆನ್ನರ ‘ನನ್ನ ನಲ್ಲ’ ಕಾವ್ಯವನ್ನು ತೆರೆಯಿರಿ, ಜನಪದದ ಧಾಟಿಯೂ ಒಬ್ಬನ ಅಂತರಂಗದ ಹುಡುಕಾಟವೂ ಅಲ್ಲಿ ಒಂದೇ ಉಸಿರಿನಲ್ಲಿ ಕೇಳಿಸುತ್ತವೆ.