ಹಾಜರಿ, ರಜೆ, ಸಂಬಳ: ಸಣ್ಣ ಕಾರ್ಖಾನೆಗೊಂದು ಡೇಟಾಬೇಸ್

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಐವತ್ತರವತ್ತು ಜನರಿರುವ ಕಾರ್ಖಾನೆ ಎಂದುಕೊಳ್ಳಿ. ಹಾಜರಿ ಬಯೋಮೆಟ್ರಿಕ್ ಯಂತ್ರದಲ್ಲಿ, ರಜೆ ರಿಜಿಸ್ಟರಿನಲ್ಲಿ, ಸಂಬಳ ಎಕ್ಸೆಲ್ಲಿನಲ್ಲಿ. ಮೂರನ್ನೂ ಒಂದು ಕಡೆ ತರಲು ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸ್ ತಂತ್ರಾಂಶ ಧಾರಾಳವಾಗಿ ಸಾಕು. ಬೇಕಾಗುವ ಟೇಬಲ್‌ಗಳು: ನೌಕರ, ಸಂಬಳ_ದರ, ಪಾಳಿ, ಪಂಚ್ (ಯಂತ್ರದಲ್ಲಿ ಬೆರಳಿಟ್ಟ ಪ್ರತಿ ಸಲದ ದಾಖಲೆ), ದಿನದ_ಹಾಜರಿ, ರಜೆ_ಖಾತೆ, ನಿಯಮ, ಸಂಬಳ_ಅಂಶ, ಸಂಬಳ_ತಿಂಗಳು, ಸಂಬಳ_ಸಾಲು.

ನೌಕರ ಟೇಬಲ್‌ಗೆ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಆಗಿ ಯಂತ್ರದ ನಂಬರನ್ನು ಇಡಬೇಡಿ. ಒಬ್ಬರು ಕೆಲಸ ಬಿಟ್ಟ ಮೇಲೆ ಅದೇ ನಂಬರನ್ನು ಹೊಸಬರಿಗೆ ಕೊಡುವುದು ಎಲ್ಲ ಕಡೆ ನಡೆಯುತ್ತದೆ. ಆಗ ಹಳಬರ ಪಂಚೆಲ್ಲ ಹೊಸಬರ ಲೆಕ್ಕಕ್ಕೆ ಬೀಳುತ್ತದೆ. ಡೇಟಾಬೇಸೇ ಕೊಡುವ ಐಡಿ ಇರಲಿ. ಯಂತ್ರದ ನಂಬರು ಯಾರ ಬಳಿ ಯಾವಾಗಿನಿಂದ ಯಾವಾಗಿನವರೆಗೆ ಇತ್ತು ಎಂಬುದಕ್ಕೆ ಬೇರೆ ಚಿಕ್ಕ ಟೇಬಲ್ ಮಾಡಿ.

ಸಂಬಳದ ಮೊತ್ತವೂ ನೌಕರ ಟೇಬಲ್‌ನಲ್ಲಿ ಇರಕೂಡದು. ಏಪ್ರಿಲ್‌ನಲ್ಲಿ ಸಂಬಳ ಏರಿಸಿ ಹಳೆಯ ಅಂಕಿಯ ಮೇಲೆ ಹೊಸದನ್ನು ಬರೆದರೆ, ಫೆಬ್ರವರಿಯ ಬಾಕಿ ಲೆಕ್ಕ ಹಾಕುವಾಗ ಹೊಸ ದರವೇ ಸಿಗುತ್ತದೆ. ಸಂಬಳ_ದರದಲ್ಲಿ ಪ್ರತಿ ಬದಲಾವಣೆಗೂ ಹೊಸ ಸಾಲು, ಜೊತೆಗೆ ಆರಂಭದ ಮತ್ತು ಕೊನೆಯ ದಿನಾಂಕ. ಒಬ್ಬರಿಗೇ ಎರಡು ಅವಧಿಗಳು ಒಂದರ ಮೇಲೊಂದು ಬೀಳದಂತೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಎಂಬ ನಿರ್ಬಂಧ ಹಾಕಿ; ಅದಕ್ಕೆ ಪೋಸ್ಟ್‌ಗ್ರೆಸ್‌ನ ಬಿಟ್ರೀ-ಜಿಸ್ಟ್ (btree_gist) ಎಕ್ಸ್‌ಟೆನ್ಷನ್ ಬೇಕು. ಹಣಕ್ಕೆ ನ್ಯೂಮರಿಕ್(10,2), ಅಂದರೆ ಒಟ್ಟು 10 ಅಂಕಿ, ಅದರಲ್ಲಿ ದಶಮಾಂಶದ ನಂತರ 2. ಅಂದಾಜು ಬೆಲೆಯನ್ನಷ್ಟೇ ಹಿಡಿದಿಡುವ ಫ್ಲೋಟ್ ಬಳಸಿದರೆ ಪೈಸೆ ಜಾರಿ, ಬ್ಯಾಂಕ್ ಪಟ್ಟಿಯ ಮೊತ್ತ ತಾಳೆಯಾಗುವುದಿಲ್ಲ.

ಹೆಚ್ಚು ಜನ ಎಡವುವುದು ಪಂಚ್‌ನಲ್ಲಿ. ಯಂತ್ರ ಕೊಟ್ಟದ್ದನ್ನು ಹಾಗೆಯೇ ತುಂಬಿ, ತಿದ್ದಬೇಡಿ, ಅಳಿಸಬೇಡಿ. ಯಂತ್ರ, ನಂಬರು, ಸಮಯ ಈ ಮೂರಕ್ಕೂ ಸೇರಿ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಜೋಡಣೆ ಎರಡು ಸಲ ಬರಬಾರದೆಂಬ ನಿರ್ಬಂಧ) ಇದ್ದರೆ ಅದೇ ಫೈಲನ್ನು ಎರಡು ಸಲ ಹಾಕಿದರೂ ಪಂಚ್‌ಗಳು ಇಮ್ಮಡಿಯಾಗುವುದಿಲ್ಲ. ಎರಡು ನಿಮಿಷದೊಳಗೆ ಮತ್ತೆ ಬೆರಳಿಟ್ಟ ಪಂಚನ್ನು ಲೆಕ್ಕದಲ್ಲಿ ಕೈಬಿಡಿ, ಟೇಬಲ್‌ನಿಂದಲ್ಲ. ಬರುವ ಪಂಚ್ ಮರೆತವರಿಗೆ ಸೂಪರ್‌ವೈಸರ್ ಸೇರಿಸುವ ಸಾಲಿನಲ್ಲಿ ‘ಕೈಯಿಂದ’ ಎಂಬ ಗುರುತು, ಸೇರಿಸಿದವರ ಐಡಿ, ಕಾರಣ ಮೂರೂ ಇರಲಿ.

ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋಗುವ ಪಾಳಿಯನ್ನು ತಾರೀಖಿನ ಪ್ರಕಾರ ಗುಂಪು ಮಾಡಿದರೆ ಎರಡು ಅರ್ಧ ದಿನಗಳಾಗಿ ಒಡೆಯುತ್ತದೆ. ಆದ್ದರಿಂದ ದಿನದ_ಹಾಜರಿಯಲ್ಲಿ ‘ಪಾಳಿಯ ದಿನ’ ಎಂಬ ಕಾಲಂ ಇಟ್ಟು, ಪಾಳಿ ಶುರುವಾದ ತಾರೀಖನ್ನು ಬರೆಯಿರಿ. ದುಡಿದ ಅವಧಿಯನ್ನು ನಿಮಿಷಗಳಲ್ಲಿ, ಪೂರ್ಣಾಂಕವಾಗಿ ಇಡಿ. 7.30 ಎಂದರೆ ಏಳೂವರೆ ಗಂಟೆಯೋ, 7 ಗಂಟೆ 18 ನಿಮಿಷವೋ ಎಂಬ ಜಗಳವೇ ಇರುವುದಿಲ್ಲ.

ರಜೆಯಲ್ಲಿ ‘ಉಳಿದದ್ದು’ ಎಂಬ ಕಾಲಂ ಬೇಡ. ಬ್ಯಾಂಕ್ ಪಾಸ್‌ಬುಕ್ಕಿನಂತೆ ಜಮಾ, ಖರ್ಚು, ರದ್ದಾದದ್ದು ಎಲ್ಲವೂ ರಜೆ_ಖಾತೆಯಲ್ಲಿ ಒಂದೊಂದು ಸಾಲು. ಕೂಡಿದರೆ ಬಾಕಿ ಸಿಗುತ್ತದೆ. ಅರ್ಧ ದಿನದ ರಜೆಗಾಗಿ ನ್ಯೂಮರಿಕ್(4,1). 1948ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ 20 ದಿನಕ್ಕೊಂದರಂತೆ ಗಳಿಕೆ ರಜೆಯಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ 240 ದಿನ 180ಕ್ಕೆ ಇಳಿದಿದೆ. ಇಂಥ ಅಂಕಿಗಳನ್ನು ಕೋಡಿನಲ್ಲಿ ಬರೆದಿಟ್ಟವರು ಪ್ರತಿ ಬದಲಾವಣೆಗೂ ಕೋಡ್ ತೆರೆಯಬೇಕು. ನಿಯಮ ಟೇಬಲ್‌ನಲ್ಲಿ ಹೆಸರು, ಮೌಲ್ಯ, ಜಾರಿಯ ದಿನಾಂಕ ಇಟ್ಟರೆ ಒಂದು ಸಾಲು ಸೇರಿಸಿದರಾಯಿತು. ಕರ್ನಾಟಕದ ವೃತ್ತಿ ತೆರಿಗೆ ಇನ್ನೂ ತಮಾಷೆ: ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳವಿದ್ದರೆ 200 ರೂಪಾಯಿ, 2025ರ ಏಪ್ರಿಲ್‌ನಿಂದ ಫೆಬ್ರವರಿಗೆ ಮಾತ್ರ 300. ತಿಂಗಳ ಕಾಲಂ ಕೂಡ ಬೇಕು.

ಮೂಲ ವೇತನ, ಓವರ್‌ಟೈಮ್‌ನಂಥ ಸಂಬಳದ ಭಾಗಗಳಿರುವ ಸಂಬಳ_ಅಂಶದ ಪ್ರತಿ ಸಾಲಿಗೂ ಪಿಎಫ್‌ಗೆ (ಭವಿಷ್ಯ ನಿಧಿ) ಸೇರುತ್ತದೆಯೇ, ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಸೇರುತ್ತದೆಯೇ ಎಂಬ ಎರಡು ಗುರುತು ಹಾಕಿ. ಓವರ್‌ಟೈಮ್ ಪಿಎಫ್‌ಗೆ ಸೇರದು; 2025ರ ನವೆಂಬರ್‌ವರೆಗಿದ್ದ ಹಳೆಯ ನಿಯಮದಲ್ಲಿ ಇಎಸ್‌ಐ ವಂತಿಗೆಗೆ ಸೇರುತ್ತಿತ್ತು. ಆದರೆ ಇಎಸ್‌ಐಗೆ ಒಳಪಡುವ ಸಂಬಳದ 21,000ದ ಮಿತಿ ನೋಡುವಾಗ ಸೇರುತ್ತಿರಲಿಲ್ಲ. ಆರು ತಿಂಗಳ ವಂತಿಗೆ ಅವಧಿಯ ನಡುವೆ ಸಂಬಳ ಆ ಮಿತಿ ದಾಟಿದರೂ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ ಇಎಸ್‌ಐ ಕಡಿತ ಮುಂದುವರಿಯಬೇಕು. ಇದನ್ನು ಮರೆತ ಸಾಫ್ಟ್‌ವೇರ್‌ಗಳು ಕಡಿಮೆಯಿಲ್ಲ.

ಲೆಕ್ಕ ಸರಿಯೇ ಎಂದು ಕೈಯಲ್ಲಿ ಒಬ್ಬರದನ್ನು ಹಾಕಿ ನೋಡಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,200. ತಿಂಗಳ ಕೆಲಸದ ದಿನಗಳಾದ 26ರಿಂದ ಭಾಗಿಸಿದರೆ ದಿನಕ್ಕೆ 700, ಗಂಟೆಗೆ 87.50. ಓವರ್‌ಟೈಮ್ ಇಮ್ಮಡಿ, ಅಂದರೆ ಗಂಟೆಗೆ 175. 6 ಗಂಟೆಗೆ 1,050. ಒಟ್ಟು 19,250. ಆ ಹಳೆಯ ನಿಯಮದಂತೆ ಓವರ್‌ಟೈಮನ್ನೂ ಸೇರಿಸಿ ಇಎಸ್‌ಐ 0.75% ಎಂದರೆ 144.38, ಮೇಲಿನ ರೂಪಾಯಿಗೆ ಏರಿಸಿ 145. ಪಿಎಫ್ ಅನ್ನು 15,000ದ ಮಿತಿಯ ಮೇಲೆ 12%ರಂತೆ ಕಟ್ಟುವ ಕಾರ್ಖಾನೆಯಾದರೆ 1,800. ಕೈಗೆ ಬರುವುದು 17,305. ಡೇಟಾಬೇಸಿಗೆ ನೀವು ಬರೆದ ಕ್ವೆರಿ (ಪ್ರಶ್ನೆ) 17,306 ಎಂದರೆ 144.38ನ್ನು ಹತ್ತಿರದ ರೂಪಾಯಿಗೆ ಇಳಿಸಿದ್ದೀರಿ ಎಂದರ್ಥ. ಪಿಎಫ್‌ಗೆ ಹತ್ತಿರದ ರೂಪಾಯಿ, ಇಎಸ್‌ಐಗೆ ಯಾವಾಗಲೂ ಮೇಲಿನದು.

ಸಂಬಳ ಬ್ಯಾಂಕಿಗೆ ಹೋದ ಕೂಡಲೇ ಸಂಬಳ_ತಿಂಗಳಿನಲ್ಲಿ ‘ಬೀಗ’ ಹಾಕಿ, ಸಂಬಳ_ಸಾಲಿನಲ್ಲಿರುವ ಆ ತಿಂಗಳ ಸಾಲುಗಳನ್ನು ಯಾರೂ ಬದಲಿಸದಂತೆ ಟ್ರಿಗರ್ (ಬದಲಾವಣೆಯಾಗುವಾಗ ತಾನೇ ಓಡುವ ಕೋಡ್) ಬರೆಯಿರಿ. ಆಮೇಲೆ ಸಿಕ್ಕ ತಪ್ಪು ಮುಂದಿನ ತಿಂಗಳಲ್ಲಿ ‘ಬಾಕಿ’ ಎಂಬ ಅಂಶವಾಗಿ, ಯಾವ ತಿಂಗಳದ್ದು ಎಂಬ ಗುರುತಿನೊಂದಿಗೆ ಬರಲಿ.